ಅಮಾವಾಸ್ಯೆಯ ಪಾಳಿ

ಖಾನಾಪುರದಲ್ಲಿ ಹಂಚು ಇಟ್ಟಿಗೆ ಸುಡುವ ದುಂಡಪ್ಪನವರ ಮನೆಯಲ್ಲಿ ಅವರ ಹೆಂಡತಿ ಗಂಗಾದೇವಿಯ ಬಾಯಿಂದ ‘ತಡಿ’ ಎಂಬ ಮಾತು ಬೀಳದೆ ಯಾವ ಕೆಲಸವೂ ಶುರುವಾಗುತ್ತಿರಲಿಲ್ಲ. ಸೊಸೆ ಅನ್ನ ಬಸಿಯಲು ಹೋದರೆ ‘ತಡಿ, ಇನ್ನೂ ಅರಳಿಲ್ಲ’. ಮಗ ಲಾರಿಗೆ ಹಂಚು ಹೇರಿಸಲು ನಿಂತರೆ ‘ತಡಿ, ಮಳಿ ನಿಲ್ಲಲಿ’. ಮೊಮ್ಮಗಳು ಹೊಸ ಮೊಬೈಲು ಕೇಳಿದರಂತೂ ಮುಗಿದೇ ಹೋಯಿತು. ಹಾಗಂತ ಆಕೆ ಮೈಗಳ್ಳಿಯಲ್ಲ. ಅರವತ್ತೈದು ದಾಟಿದ್ದರೂ ಬೆಳಕು ಹರಿಯುವ ಮೊದಲೇ ಅಂಗಳ ಗುಡಿಸಿ, ನೀರು ಕಾಸಿ, ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸುವ ಹೆಂಗಸು. ತಡೆದದ್ದರಿಂದ ಆ ಮನೆಗೆ ಒಳ್ಳೆಯದೂ ಆಗಿತ್ತು. ಒಂದು ವರ್ಷ, ಇಟ್ಟಿಗೆ ಇನ್ನೂ ಹಸಿ ಇದೆ, ಭಟ್ಟಿಗೆ ಹಾಕಬೇಡಿ ಎಂದು ಆಕೆ ಅಡ್ಡ ನಿಂತಿದ್ದಳು. ಆ ವರ್ಷ ಅಕ್ಕಪಕ್ಕದವರ ಇಟ್ಟಿಗೆಯೆಲ್ಲ ಬಿರುಕು ಬಿಟ್ಟು, ಇವರದ್ದು ಮಾತ್ರ ಗಟ್ಟಿ ಉಳಿಯಿತು. ಅಂದಿನಿಂದ ಆಕೆಯ ‘ತಡಿ’ಗೆ ಎದುರಾಡುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಈ ಸಲ ಮಾತ್ರ ಯಾರಾದರೂ ಎದುರಾಡಬೇಕಿತ್ತು.

ಕಾರಹುಣ್ಣಿಮೆ ಕಳೆದು ಮಳೆ ಹಿಡಿದಿತ್ತು. ಸೋಮವಾರ ಮುಂಜಾನೆ ಅತ್ತೆ ಸೊಸೆ ಇಬ್ಬರೂ ದೇವರ ಜಗಲಿಯ ಮುಂದೆ ಲಿಂಗಪೂಜೆಗೆ ಕುಳಿತಿದ್ದರು. ಬಸವಣ್ಣನವರ ದಾರಿಯಲ್ಲಿ ನಡೆಯುವ ಮನೆ. ಹುಟ್ಟಿದ ಕೂಸಿಗೆ ಕಟ್ಟಿದ ಇಷ್ಟಲಿಂಗ ಕೊನೆಯವರೆಗೂ ಮೈಮೇಲೆಯೇ ಇರಬೇಕು. ಸೊಸೆ ನಾಗರತ್ನಾ ಲಿಂಗವನ್ನು ಮತ್ತೆ ಬೆಳ್ಳಿಯ ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡಾಗ ಗಂಗಾದೇವಿಯ ಕಣ್ಣು ಶಿವದಾರದ ಮೇಲೆ ನೆಟ್ಟಿತು.

“ದಾರ ಯಾಕ ಇಷ್ಟುದ್ದ ಬಿಟ್ಟೀದಿ? ಎದಿ ಮ್ಯಾಲ ಇರೂದು ಹೊಟ್ಟಿಗೆ ಬಂದೈತಲ್ಲ.”

“ಕರಡಿಗಿ ತಿಕ್ಕತೈತ್ರಿ ಅತ್ತ್ಯಾರ. ಎಡಗಡೆ ಸ್ವಲ್ಪ ಬಾತಂಗ ಆಗೇತಿ.”

“ನೋಯತೈತೇನು?”

“ಇಲ್ರಿ. ಗಟ್ಟಿ ಹತ್ತತೈತಿ, ಅಷ್ಟ.”

ಆ ಕರಡಿಗೆ ಗಂಗಾದೇವಿಯ ಅತ್ತೆಯ ಕಾಲದ್ದು. ಹಿಂದಿನವರ ಬೆಳ್ಳಿ, ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ಹೊಸದಾಗಿ ಹಾಕಿಕೊಂಡ ದಿನಗಳಲ್ಲಿ ತನ್ನ ಎದೆಯ ಮೇಲೂ ಕೆಂಪು ಕಲೆ ಎದ್ದದ್ದು ಆಕೆಗೆ ನೆನಪಾಯಿತು. ನೋವಿಲ್ಲದ ಗಂಟಿಗೆ ಹೆದರುವುದೇನು ಎಂದುಕೊಂಡಳು. ನೋವಿಲ್ಲದ ಗಂಟಿಗೇ ಹೆದರಬೇಕು ಎಂಬುದು ಆಕೆಗೆ ಆಗ ಗೊತ್ತಿರಲಿಲ್ಲ.

“ತಿಕ್ಕಿದ್ದ ಅದು. ತಡಿ, ಮಳಿಗಾಲ ಮುಗದು ಮೈ ಒಣಗಿದಕೂಡ್ಲೆ ತಾನ ಹೋಕ್ಕೈತಿ. ಅಲ್ಲೀತನಕ ಬೆಳ್ಳಿ ತಗದಿಟ್ಟು ಲಿಂಗ ಅರಿವಿ ಚೀಲದಾಗ ಹಾಕ್ಕೊ. ಅರಿಷಿಣ ಎಣ್ಣಿ ಹಚ್ಚು.”

ನಾಗರತ್ನಾ ತಲೆಯಾಡಿಸಿ ಅಡುಗೆಮನೆಗೆ ಹೋದಳು. ಬೆಳಗಾವಿಯ ಟಿಳಕವಾಡಿಯ ಖಾನಾವಳಿಯೊಂದಕ್ಕೆ ದಿನಾ ಅಕ್ಕಿ ರೊಟ್ಟಿ, ಆ ಕಡೆಯವರ ಭಾಕ್ರಿ, ಬಡಿದು ಕೊಡುವುದು ಅವಳ ಕೆಲಸ. ಮಗಳು ಪೂರ್ಣಿಮಾ ಬೆಳಗಾವಿಯಲ್ಲಿ ಬಿ.ಕಾಂ. ಓದುತ್ತಿದ್ದಳು, ಮುಂಜಾನೆ ರೈಲಿಗೆ ಹೋಗುವಾಗ ಡಬ್ಬಿ ಒಯ್ದು ಖಾನಾವಳಿಗೆ ಮುಟ್ಟಿಸಿ ಕಾಲೇಜಿಗೆ ಹೋಗುತ್ತಿದ್ದಳು. ಡಬ್ಬಿ ತಡವಾದರೆ ರೈಲು ತಪ್ಪುತ್ತದೆ. ಗಂಟಿನ ಮಾತು ಅಲ್ಲಿಗೇ ನಿಂತಿತು.

ನಾಗರಪಂಚಮಿ ಬಂತು, ಹೋಯಿತು. ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಪೂರ್ಣಿಮಾ ಒಲೆಯ ಬಾಜು ಕುಳಿತು ತಾಯಿ ಭಾಕ್ರಿ ಬಡಿಯುವುದನ್ನೇ ನೋಡುತ್ತಿದ್ದಳು. ತಾಯಿಯ ಎಡಗೈ ಮೈಗೆ ಅಂಟಿಕೊಂಡಂತೆ ಇತ್ತು. ಬಲಗೈಯೊಂದೇ ಕೆಲಸ ಮಾಡುತ್ತಿತ್ತು.

“ಯವ್ವಾ, ಕೈಗೇನಾಗೇತಿ?”

ಉತ್ತರ ಕೊಟ್ಟವಳು ಗಂಗಾದೇವಿ. “ಏನಿಲ್ಲ. ಕರಡಿಗಿ ತಿಕ್ಕಿ ಎದಿ ಬಾತಿತ್ತು.”

“ಇಷ್ಟ ವರ್ಷ ತಿಕ್ಕಲಾರದ್ದು ಈಗ್ಯಾಕ ತಿಕ್ಕತೈತಿ, ಆಯಿ?” ಎಂದು ಮೊಮ್ಮಗಳು ಅಜ್ಜಿಯನ್ನೇ ಕೇಳಿದಳು. ಆ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ.

ಗಂಗಾದೇವಿ ಹುಡುಗಿಯನ್ನು ಗದರಿಸಿ ಎಬ್ಬಿಸಿದಳು. ಆದರೆ ಆ ಪ್ರಶ್ನೆ ಎದ್ದು ಹೋಗಲಿಲ್ಲ. ಮಧ್ಯಾಹ್ನ ಸೊಸೆಯನ್ನು ಎರೆಯಲು ಕರೆದು ಬಚ್ಚಲಲ್ಲಿ ಕೂರಿಸಿ, ಬೆನ್ನಿಗೆ ಎಣ್ಣೆ ತಿಕ್ಕುತ್ತ, “ಈ ಕಡೆ ತಿರುಗು, ನೋಡೂಣು” ಎಂದಳು. ನಾಗರತ್ನಾ ಒಲ್ಲದ ಮನಸ್ಸಿನಿಂದ ತಿರುಗಿದಳು. ಗಂಗಾದೇವಿಯ ಎಣ್ಣೆಗೈಗೆ ಹುಣಸೆ ಬೀಜದಂಥ ಗಟ್ಟಿ ಗಂಟು ಸಿಕ್ಕಿತು. ಒತ್ತಿದರೆ ಜಾರಲಿಲ್ಲ, ಸೊಸೆ ಹಾ ಎನ್ನಲಿಲ್ಲ. ಬೆಳ್ಳಿ ಕರಡಿಗೆ ಟ್ರೆಜರಿ ಕಪಾಟಿನಲ್ಲಿ ಬಿದ್ದು ಎರಡು ತಿಂಗಳ ಮೇಲಾಗಿತ್ತು. ತಿಕ್ಕಲು ಅಲ್ಲಿ ಏನೂ ಇರಲಿಲ್ಲ.

ಗಂಗಾದೇವಿಗೆ ತನ್ನ ಮಾತು ನಂಬಿ ಈ ಹುಡುಗಿ ಸುಮ್ಮನೆ ಕುಳಿತಿದ್ದಾಳಲ್ಲ ಎಂದು ಸಂಕಟವಾಯಿತು. ನೀರು ಹಾಕಿದಳು, ತಲೆ ಒರೆಸಿದಳು, ಸೀರೆ ಕೈಗೆ ಕೊಟ್ಟಳು.

ಎಲ್ಲರೂ ಊಟಕ್ಕೆ ಕುಳಿತರು. ಝುಣಕಾ, ಭಾಕ್ರಿ, ಶೇಂಗಾ ಚಟ್ನಿ. ದುಂಡಪ್ಪ ಮೊಸರಿಗೆ ಕೈ ಚಾಚಿದ್ದ. ಗಂಗಾದೇವಿ ಗಂಟಿನ ಸುದ್ದಿ ಹೇಳಿ, ನಾಳೆಯೇ ಡಾಕ್ಟರಿಗೆ ತೋರಿಸಬೇಕು ಎಂದಳು.

ಮಗ ಓಂಕಾರ ತುತ್ತು ನಿಲ್ಲಿಸಿದ. “ಗಣಪತಿ ಮುಗೀಲಿ ಅವ್ವ. ಚೌತಿ ಬಂತು. ಬೆಳಗಾವ್ಯಾಗ ಅರ್ಧ ರಸ್ತಾ ಬಂದ್ ಇರ್ತಾವ. ಆಮ್ಯಾಲ ಅಗದಿ ದೊಡ್ಡ ಡಾಕ್ಟರ್ ಕಡೇನ ಹೋಗೂಣು.”

“ಗಣಪತಿ ಹಿಂದಿಂದ ಪಿತೃಪಕ್ಷ ಬರ್ತೈತಿ,” ಎಂದ ದುಂಡಪ್ಪ. “ಹಿರೇರ ದಿನದಾಗ ಹೊಸಾದು ಏನೂ ಹಚ್ಚಬಾರದು. ದಸರಾ ಆಗಲಿ.”

“ಪೂರ್ಣಿಮಾನ ಪರೀಕ್ಷಾ ಐತ್ರಿ,” ಎಂದಳು ನಾಗರತ್ನಾ, ಯಾರ ಮುಖವನ್ನೂ ನೋಡದೆ. “ಖಾನಾವಳಿಯವ್ರಿಗೆ ಹಬ್ಬದ ಆರ್ಡರ್ ಬ್ಯಾರೆ ಒಪ್ಪೀನಿ.”

ತನ್ನ ಮಾತು ಮೂರು ಬಾಯಿಂದ ತನಗೇ ತಿರುಗಿ ಬಂದದ್ದನ್ನು ಗಂಗಾದೇವಿ ಕೇಳಿಸಿಕೊಂಡಳು. ಎಲಾ ಇವರ, ಎಷ್ಟು ಚೆನ್ನಾಗಿ ಕಲಿತಿದ್ದಾರೆ.

“ನಾ ಕಲಿಸಿದ್ದನ್ನ ನನಗ ಒಪ್ಪಸಬ್ಯಾಡ್ರಿ,” ಎಂದಳು. “ಎಲ್ಲಾರೂ ಒಂದೊಂದು ಹಬ್ಬ ಹೇಳ್ರಿ, ಗಂಟು ಕುಂತು ಕೇಳತೈತಿ. ಇಟ್ಟಂಗಿ ಒಣಗೂದಕ್ಕ ತಡೀಬೇಕು. ಇದಕ್ಕ ತಡಿ ಅಂದಿದ್ದು ನಂದು ತಪ್ಪು. ನಾಳೆ ಹೊಂಟೀವಿ.”

“ಮತ್ತ ಆರ್ಡರ್ ಭಾಕ್ರಿ, ನಾ ಬಡೀಲೇನು?” ಓಂಕಾರ ಚೇಷ್ಟೆಗೆ ಕೇಳಿದ.

“ಬಡಿ. ಹಂಚು ಬಡದ ಕೈ ಐತಿ, ಭಾಕ್ರಿ ಬಡಿಯಾಕೇನ ಧಾಡಿ?”

ಊರಿನ ಡಾಕ್ಟರು ಮುಟ್ಟಿ ನೋಡಿದವರೇ, ತಡ ಮಾಡದೆ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿ ಎದೆಯ ಫೋಟೋ ತೆಗೆಯುವ ಖೋಲಿಗೆ ಪಾಳಿ ಹಚ್ಚಬೇಕು. ಗಂಗಾದೇವಿ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಹೊರಗೆ ಹಾಕಿದ್ದ ಬಾಕಿನ ಮೇಲೆ, ಉದ್ದನೆಯ ಮರದ ಬೆಂಚಿನ ಮೇಲೆ, ಕುಳಿತಳು. ಮಧ್ಯಾಹ್ನ ಇಳಿದ ಮೇಲೆ ನಾಗರತ್ನಾಳ ಹೆಸರು ಕೂಗಿದರು. ಒಳಗೆ ಹೋದವಳು ಬಾಗಿಲು ಮುಚ್ಚಿದಷ್ಟೇ ಬೇಗ ಹೊರಗೆ ಬಂದಳು. ಒಂದು ಕೈ ಎದೆಯ ಮೇಲಿನ ಅರಿವೆ ಚೀಲವನ್ನು ಒತ್ತಿ ಹಿಡಿದಿತ್ತು.

“ನಡೀರಿ, ಹೋಗೂಣು.”

“ಆತೇನು?”

“ಇಲ್ರಿ. ಕೊರಳಾಗಿಂದೆಲ್ಲ ತಗದಿಟ್ಟು ಬರ್ರಿ ಅಂದ್ರು. ನನ್ನ ಕಡಿಂದ ಆಗೂದಿಲ್ಲ.”

ಒಳಗೆ ಫೋಟೋ ತೆಗೆಯುವ ಹುಡುಗಿಯದೇನೂ ತಪ್ಪಿರಲಿಲ್ಲ; ಎಲ್ಲರಿಗೂ ಹೇಳುವುದನ್ನೇ ಹೇಳಿದ್ದಳು. ಗಂಗಾದೇವಿ ಅವಳ ಹತ್ತಿರ ಹೋಗಿ ಬಾಯಿ ತೆರೆಯುವುದರೊಳಗೆ ಮುಂದಿನವರು ಒಳಗೆ ಹೋಗಿಯಾಗಿತ್ತು. ಮತ್ತೆ ಪಾಳಿ ಗಣಪತಿ ಕಳಿಸಿದ ಮೇಲೆಯೇ ಎಂದರು. ತಿರುಗಿ ಬರುವಾಗ ರೈಲಿನಲ್ಲಿ ಗಂಗಾದೇವಿ ಸಿಟ್ಟು ತಡೆಯಲಾರದೆ ಸೊಸೆಯ ಮೇಲೆ ಹರಿಹಾಯ್ದಳು.

“ಜೀವಕ್ಕಿಂತ ಹೆಚ್ಚೇನ?”

“ಲಿಂಗ ಮೈ ಮ್ಯಾಲಿಂದ ಇಳದ್ರ ಇದ್ದೂ ಸತ್ತಂಗ ಅಂತ ಕಲಿಸಿದವ್ರು ಯಾರ್ರಿ?” ನಾಗರತ್ನಾ ಸಣ್ಣ ದನಿಯಲ್ಲಿ ಕೇಳಿದಳು.

ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಅಂದಿನ ಭಾಕ್ರಿ ಹೊತ್ತಿ ಖಾನಾವಳಿಯವರಿಂದ ಬೈಸಿಕೊಂಡಿದ್ದ ಓಂಕಾರ ಮೊದಲೇ ಉರಿಯುತ್ತಿದ್ದ. “ಒಂದ ಗಳಿಗಿ ತಗದಿಟ್ಟಿದ್ರ ಏನ ಮುಳುಗತಿತ್ತು?” ಎಂದು ಹೆಂಡತಿಯನ್ನು ಕೇಳಿದ. ದುಂಡಪ್ಪ ತಟ್ಟೆ ಸರಿಸಿ ಎದ್ದ. “ಲಿಂಗ ತಗದಿಡು ಅನ್ನೂ ಮಾತು ಈ ಮನ್ಯಾಗ ಇವತ್ತ ಕೇಳಿದೆ. ಬಸವಣ್ಣನ ಫೋಟೋನೂ ತಗದಿಟ್ಟಬಿಡು.” ನಾಗರತ್ನಾ ಅಳಲಿಲ್ಲ. ಪಾತ್ರೆ ತಿಕ್ಕುತ್ತ ಕುಳಿತಳು, ಆ ಸದ್ದಿಗೆ ಯಾರಿಗೂ ಇನ್ನೊಂದು ಮಾತಾಡುವ ಧೈರ್ಯ ಬರಲಿಲ್ಲ.

ಮರುದಿನ ಗಂಗಾದೇವಿ ಹಿತ್ತಲಲ್ಲಿ ನಿಂತು ಆಚೆಯ ಭತ್ತದ ಗದ್ದೆ ನೋಡುತ್ತಿದ್ದಳು. ಆಳುಗಳು ಕಳೆ ಕೀಳುತ್ತಿದ್ದರು. ಒಬ್ಬ ಮುದುಕ ತಲೆಗೆ ರುಮಾಲು ಸುತ್ತಿದ್ದ. ಹಲಸಿಯ ತವರುಮನೆಯ ಗದ್ದೆ ಆಕೆಯ ಕಣ್ಣ ಮುಂದೆ ಬಂತು. ಆಕೆಯ ಅಪ್ಪ ನಾಟಿಯ ದಿನಗಳಲ್ಲಿ ಲಿಂಗವನ್ನು ಕೊರಳಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಬಗ್ಗಿದರೆ ಕೆಸರಿಗೆ ತಾಗುತ್ತದೆಂದು ಅರಿವೆಯಲ್ಲಿ ಸುತ್ತಿ ಹಣೆಯ ಮೇಲೆ ಕಟ್ಟಿ, ಅದರ ಮೇಲೆ ರುಮಾಲು ಬಿಗಿಯುತ್ತಿದ್ದ. ಸಂಜೆ ಕೈಕಾಲು ತೊಳೆದು ಮತ್ತೆ ಕೊರಳಿಗೆ ಇಳಿಸುತ್ತಿದ್ದ. ಅಪ್ಪನಷ್ಟು ನಿಷ್ಠೆಯವರನ್ನು ಗಂಗಾದೇವಿ ಬೇರೆ ಕಂಡಿರಲಿಲ್ಲ.

ಆಕೆ ಒಳಗೆ ಬಂದವಳೇ ಗಂಡನ ಹಳೆಯ ಧೋತರ ಹುಡುಕಿ ಮೆತ್ತನೆಯ ಪಟ್ಟಿಯೊಂದನ್ನು ಹರಿದಳು. “ನಾಗೂ, ಇಲ್ಲಿ ಬಾ. ತಲಿ ಬಗ್ಗಸು.”

“ಏನ ಮಾಡ್ತೀರಿ?”

“ಎದಿ ಮ್ಯಾಲಿಂದ ತಗೀಬೇಕು, ಅಷ್ಟಲ್ಲ? ತಲಿ ನಿನ್ನ ಮೈ ಅಲ್ಲೇನು?”

ಕಟ್ಟಿ ಮುಗಿಸಿದಾಗ ನಾಗರತ್ನಾ ಹಣೆಯ ಮೇಲಿನ ಗಂಟು ಮುಟ್ಟಿ ನೋಡಿಕೊಂಡಳು. ಮಾವನ ಕಡೆ ತಿರುಗಿದಳು. ದುಂಡಪ್ಪ ಕನ್ನಡಕ ಏರಿಸಿ ನೋಡಿ, “ನಮ್ಮ ಮಾವ ಹಿಂಗ ಕಟ್ಟತಿದ್ದ, ಖರೇ,” ಎಂದ. ಅಷ್ಟು ಸಾಕಾಯಿತು.

“ಆದ್ರ ಪಾಳಿ ಗಣಪತಿ ಆದ ಮ್ಯಾಲಲ್ರಿ?”

“ಪಾಳಿ ಅವ್ರದು. ಬಾಕ ಎಲ್ಲಾರದು. ಹೋಗಿ ಕುಂದ್ರೂಣು.”

ಚೌತಿಯ ಹಿಂದುಮುಂದಿನ ದಿನಗಳು. ಬೆಳಗಾವಿಯ ಓಣಿ ಓಣಿಯಲ್ಲಿ ಮಂಟಪ, ಡೋಲು, ಅರಿವೆ ಒಣಗಿಸಲೂ ಬಿಡದ ಮಳೆ. ಫೋಟೋ ಖೋಲಿಯ ಮುಂದೆ ತ್ರಿವೇಣಿ ಎಂಬ ನರ್ಸು ಹೆಸರು ಕೂಗುತ್ತಿದ್ದಳು. ಗಂಗಾದೇವಿಯನ್ನು ಕಂಡು ಗುರುತು ಹಿಡಿದಳು.

“ನಿಮ್ಮ ಪಾಳಿ ಇವತ್ತಿಲ್ರಿ ಅಜ್ಜಿ.”

“ಗೊತ್ತೈತವ್ವ. ಬರಬೇಕಾದವ್ರು ಯಾರರ ಬರಲಿಲ್ಲಂದ್ರ ನಾವದೀವಿ. ಬಂದ್ರ ನಾವು ಸಂಜೀ ರೈಲಿಗೆ ಹೋಕ್ಕೀವಿ.”

ಮೊದಲ ದಿನ ಎಲ್ಲರೂ ಬಂದರು. ಅತ್ತೆ ಸೊಸೆ ಬುತ್ತಿ ಉಂಡು ಮನೆಗೆ ಬಂದರು. ಮರುದಿನ ಮತ್ತೆ ಹೋಗಿ ಅದೇ ಬಾಕಿನ ಮೇಲೆ ಕುಳಿತರು. ತ್ರಿವೇಣಿ ಒಂದು ಹೆಸರು ಕೂಗಿದಳು, ಇನ್ನೊಮ್ಮೆ ಕೂಗಿದಳು. ಯಾರೂ ಏಳಲಿಲ್ಲ. ಹಬ್ಬದ ಮನೆಯಲ್ಲಿ ಕರಿಗಡುಬು ಬಿಟ್ಟು ಆಸ್ಪತ್ರೆಗೆ ಬರುವವರು ಯಾರು? ತ್ರಿವೇಣಿ ಗಂಗಾದೇವಿಯ ಕಡೆ ನೋಡಿದಳು. ಗಂಗಾದೇವಿ ಆಗಲೇ ಎದ್ದು ಸೊಸೆಯ ತಲೆಗೆ ಪಟ್ಟಿ ಕಟ್ಟುತ್ತಿದ್ದಳು.

ಫೋಟೋ ನೋಡಿದ ಡಾಕ್ಟರಬಾಯಿ ನಾಗರತ್ನಾಳನ್ನು ಕೂರಿಸಿಕೊಂಡು ಸೂಜಿ ಪರೀಕ್ಷೆ ಬೇಕು ಎಂದು ಹೇಳಿದರು. ಆ ಗಂಟಿನಿಂದ ಚೂರು ತೆಗೆದು ನೋಡಿದರೆ ಅದು ಏನೆಂದು ಗೊತ್ತಾಗುತ್ತದೆ.

“ಇವತ್ತ ಮಾಡಬಹುದು. ಇಲ್ಲಾ, ಮನ್ಯಾಗ ಕೇಳ್ಕೊಂಡ ಬರ್ತೀರೇನು? ಬಾಳ ಮಂದಿ ಕೇಳ್ಕೊಂಡ ಬರ್ತೀವಂತ ಹೋಗ್ತಾರ. ಬರೂದು ಎರಡ ತಿಂಗಳ ಮ್ಯಾಲ.”

ಗಂಗಾದೇವಿ ಬಾಯಿ ತೆರೆಯುವ ಮೊದಲೇ ನಾಗರತ್ನಾ ಹೇಳಿದಳು: “ಇವತ್ತ ಮಾಡ್ರಿ.”

ಸುದ್ದಿ ಓಣಿಗೆ ಹಬ್ಬಿತು. ಪಕ್ಕದ ಮನೆಯ ನಿಂಗವ್ವ ಬಂದು ಹೊಸ್ತಿಲ ಹತ್ತಿರ ಕುಳಿತು, ಗಲ್ಲಕ್ಕೆ ಕೈ ಹಚ್ಚಿದಳು. “ಸೂಜಿ ಚುಚ್ಚಿಸಿದ್ರಂತ? ಚುಚ್ಚಿದ್ರ ಮೈತುಂಬ ಹರಡತೈತಂತಲ್ಲ.”

“ಹಂಗಂತ ಡಾಕ್ಟರ್ನ ಕೇಳೀನಿ ನಿಂಗವ್ವ. ಸೂಜಿಯಿಂದ ಹರಡೂದಿಲ್ಲಂತ. ಮನ್ಯಾಗ ಕುಂತ್ರ ಹರಡತೈತಂತ.” ಗಂಗಾದೇವಿ ಆಕೆಯ ಕೈಗೆ ಚಹಾ ಕೊಟ್ಟಳು. “ಕುಡಿ, ಆರತೈತಿ.”

ಗಣಪತಿ ಕಳಿಸಿದ ಮರುವಾರ ಸೂಜಿ ಪರೀಕ್ಷೆಯದೂ ಆಮೇಲೆ ಮಾಡಿಸಿದ ಸ್ಕ್ಯಾನಿನದೂ ಫಲಿತಾಂಶ ಬಂತು. ಓಂಕಾರನೂ ಹೋಗಿದ್ದ. ಕ್ಯಾನ್ಸರ್ ಎಂದರು ಡಾಕ್ಟರಬಾಯಿ, ಸುತ್ತು ಬಳಸದೆ. ನಾಗರತ್ನಾ ಗಂಡನ ಮೊಣಕೈ ಹಿಡಿದಳು, ಅವನು ಬೀಳುತ್ತಾನೇನೋ ಎನ್ನುವ ಹಾಗೆ.

“ಗಂಟು ಇನ್ನೂ ಸಣ್ಣದೈತಿ,” ಎಂದರು ಡಾಕ್ಟರಬಾಯಿ. “ಸ್ಕ್ಯಾನಿನಾಗೂ ಬ್ಯಾರೆ ಕಡೆ ಏನೂ ಕಾಣಸಿಲ್ಲ. ಇಂಥಾದ್ರಾಗ ಗುಣ ಆಗೂ ಮಂದೀನ ಹೆಚ್ಚು. ಎಡಗಡೆ ಎದಿ ತಗೀಬೇಕಾಗತೈತಿ. ಲಗೂ ಆದಷ್ಟು ಚಲೋ.”

ಲಗೂ ಎಂದವರೇ ಆಪರೇಶನ್ನಿಗೆ ಪಾಳಿ ಕೇಳಲು ತ್ರಿವೇಣಿಯ ಕಡೆ ಕಳಿಸಿದರು. ತ್ರಿವೇಣಿ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ, ದೀಪಾವಳಿ ಆದ ಮೇಲೆ ಒಂದು ದಿನ ತೋರಿಸಿದಳು. “ಅಲ್ಲೀತನಕ ಟೇಬಲ್ ಖಾಲಿ ಇಲ್ರಿ. ದಸರಾ ಮುಗದ ಮ್ಯಾಲ ಅಂತ ಎಲ್ಲಾರೂ ಒಂದ ಕಡೆ ಬಂದು ಬಿದ್ದಾರ.”

ಗಂಗಾದೇವಿ ಕ್ಯಾಲೆಂಡರಿನ ಹತ್ತಿರ ಹೋಗಿ ಹಾಳೆಗಳನ್ನು ತಿರುಗಿ ಹಿಂದಕ್ಕೆ ತಂದಳು. ಆಕೆಗೆ ಅಕ್ಷರ ಅಷ್ಟಕ್ಕಷ್ಟೆ. ಆದರೆ ಹುಣ್ಣಿಮೆಯ ಬಿಳಿ ಬೊಟ್ಟು, ಅಮಾವಾಸ್ಯೆಯ ಕರಿ ಬೊಟ್ಟು ಆಕೆಗೆ ಚೆನ್ನಾಗಿ ಗೊತ್ತು. ಪಿತೃಪಕ್ಷದ ಕೊನೆಯ ಕರಿ ಬೊಟ್ಟಿನ ಮೇಲೆ ಬೆರಳಿಟ್ಟಳು.

“ಈ ದಿನ?”

ತ್ರಿವೇಣಿ ನಕ್ಕಳು. “ಅದು ಮಹಾಲಯ ಅಮಾಸಿ ಅಲ್ರಿ. ಆ ದಿನ ಕೊಟ್ರ ಯಾರೂ ಒಪ್ಪೂದಿಲ್ಲ. ಒಪ್ಪಿದವ್ರೂ ಹಿಂದಿನ ದಿನ ಫೋನ್ ಮಾಡಿ ಬ್ಯಾಡ ಅಂತಾರ. ಡಾಕ್ಟರು ಇರ್ತಾರ, ಟೇಬಲ್ ಇರ್ತೈತಿ, ಪೇಶಂಟ್ ಇರೂದಿಲ್ಲ.”

“ನಮಗ ಅದನ್ನ ಕೊಡು.”

“ಅವ್ವ,” ಎಂದ ಓಂಕಾರ ಗಾಬರಿಯಿಂದ.

“ಮನ್ಯಾಗ ಕೇಳ್ಕೊಂಡ ಬರ್ರಿ ಅಜ್ಜಿ,” ಎಂದಳು ತ್ರಿವೇಣಿ. “ಆಮ್ಯಾಲ ಬ್ಯಾಡ ಅಂದ್ರ ನನಗೂ ತ್ರಾಸು.”

“ಮನಿ ನಾನ,” ಎಂದಳು ಗಂಗಾದೇವಿ. “ಬರಕೊ.”

ಮನೆಯೇ ತಾನು ಎಂದು ಬೆಳಗಾವಿಯಲ್ಲಿ ಹೇಳುವುದು ಸುಲಭ. ಖಾನಾಪುರದಲ್ಲಿ ದುಂಡಪ್ಪ ಎಲೆಯಡಿಕೆಯ ಡಬ್ಬಿ ಮುಚ್ಚಿ ನೆಟ್ಟಗೆ ಕುಳಿತ. “ಹಿರೇರಿಗೆ ಎಡಿ ಇಡೂ ದಿನ ಮನಿ ಸೊಸಿ ಮ್ಯಾಲ ಕತ್ತಿ ಆಡಸ್ತೀಯಾ? ಊರಾಗ ಮಾರಿ ತೋರಸೂದು ಬ್ಯಾಡೇನು?”

“ಅಪ್ಪ ಹೇಳೂದೂ ಖರೇ ಐತಿ,” ಎಂದ ಓಂಕಾರ. “ಏನರ ಹೆಚ್ಚುಕಡಿಮಿ ಆದ್ರ ಮಂದಿ ಏನಂತಾರ? ಅಮಾಸಿ ದಿನಾನ ಒಯ್ದು ಹಾಕಿದ್ರು ಅಂತಾರ.”

“ದೀಪಾವಳಿತನಕ ಗಂಟು ದೊಡ್ಡದಾದ್ರ ಮಂದಿ ಬಂದು ಹೊರತಾರೇನು?” ಗಂಗಾದೇವಿ ಗಂಡನ ಎದುರು ಕುಳಿತಳು. “ಈ ಓಂಕಾರನ್ನ ಹಡದದ್ದು ಯಾವತ್ತ, ಹೇಳ್ರಿ?”

ದುಂಡಪ್ಪ ಎಲೆಯಡಿಕೆಯ ಡಬ್ಬಿ ಮತ್ತೆ ತೆಗೆದ.

“ಬೆನಕನ ಅಮಾಸಿ ದಿನ. ಅವತ್ತ ಸೂಲಗಿತ್ತಿಗೆ ನಾಳೆ ಪಾಡ್ಯ ಐತಿ, ನಾಳೆ ಬಾ ಅಂದಿದ್ರೇನು? ಕತ್ತಲದಾಗ ಕಂದೀಲು ಹಿಡಕೊಂಡು ಓಡಿದವ್ರು ನೀವ. ಬರೂ ಜೀವಕ್ಕ ಅಮಾಸಿ ನಡೀತು. ಇರೂ ಜೀವಕ್ಕ ಯಾಕ ನಡ್ಯಾಂಗಿಲ್ಲ?” ಆಮೇಲೆ ಜಗಲಿಯ ಮೇಲಿನ ಬಸವಣ್ಣನವರ ಫೋಟೋ ತೋರಿಸಿದಳು. “ತಿಥಿ ಗಳಿಗಿ ನೋಡು ಅಂತ ಆ ಪುಣ್ಯಾತ್ಮ ಹೇಳಿದ್ದು ಎಲ್ಲಿ? ಲಿಂಗಕ್ಕ ಅಷ್ಟ ನಿಷ್ಠಿ ಇದ್ದವ್ರು, ಇದಕ್ಕೂ ಇರ್ರಿ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪೂರ್ಣಿಮಾ ಮುಸಿಮುಸಿ ನಕ್ಕಳು. ದುಂಡಪ್ಪ ಅವಳನ್ನು ಗದರಿಸಿದ, ಗದರಿಸಿದ್ದರಲ್ಲಿ ಜೋರಿರಲಿಲ್ಲ. ನಾಗರತ್ನಾ ಬಂದು ಮಾವನ ಮುಂದೆ ಚಹಾ ಇಟ್ಟಳು.

“ನನಗ ಅಮಾಸಿ ನಡೀತೈತ್ರಿ ಮಾವಾರ. ಕಾಯೂದ ನಡ್ಯಾಂಗಿಲ್ಲ.”

ದುಂಡಪ್ಪ ಚಹಾ ಬಸಿಯ ತಟ್ಟೆಗೆ ಸುರಿದುಕೊಂಡು ಕುಡಿದ. ಬೇಡ ಎಂದು ಮತ್ತೆ ಅನ್ನಲಿಲ್ಲ.

ಅಮಾವಾಸ್ಯೆಯ ದಿನ ಆಸ್ಪತ್ರೆಯ ಆ ಪಡಸಾಲೆ ಬಣಬಣ ಎನ್ನುತ್ತಿತ್ತು. ಬೆಳಗಾವಿಯದೇ ಕ್ಯಾಂಪ್ ಕಡೆಯ ಒಬ್ಬ ಕ್ರಿಶ್ಚಿಯನ್ ಮುದುಕ, ಆತನ ಮಗಳು, ಇವರು, ಅಷ್ಟೇ ಮಂದಿ. ತಲೆಗೆ ಲಿಂಗ ಕಟ್ಟಬಹುದೇ ಎಂದು ಡಾಕ್ಟರಬಾಯಿಯನ್ನು ಗಂಗಾದೇವಿ ಮೊದಲೇ ಕೇಳಿ ಇಟ್ಟಿದ್ದಳು. ಲೋಹವೇನೂ ಇರದಿದ್ದರೆ, ಪಟ್ಟಿ ಹೊಸದಾಗಿ ಕುದಿಸಿದ್ದಾದರೆ ಆಗಲಿ ಎಂದಿದ್ದರು. ತ್ರಿವೇಣಿಯೇ ಹಸಿರು ಟೋಪಿ ತಂದು ಕೊಟ್ಟಳು. ಗಂಗಾದೇವಿ ಸೊಸೆಯ ಹಣೆ ಮೇಲೆ ಲಿಂಗ ಕಟ್ಟಿ, ಮೇಲೆ ಟೋಪಿ ಎಳೆದು, ಹೊರಗೆ ಉಳಿದ ಕೂದಲನ್ನು ಒಳಗೆ ಸೇರಿಸಿದಳು. ಮತ್ತೆ ಮತ್ತೆ ಪಟ್ಟಿ ಎಳೆದು ನೋಡಿದಳು.

“ನಾಗೂ, ಆವತ್ತ ನಾ ತಡಿ ಅಂದಿದ್ದು...”

“ನನಗೂ ತಡೀಬೇಕಂತನ ಇತ್ರಿ ಅತ್ತ್ಯಾರ. ಅಂಜಿಕಿ ಆಗಿತ್ತು. ನಿಮ್ಮ ಮಾತು ಸಿಕ್ತು, ಹಿಡಕೊಂಡೆ.” ಅವಳು ಅತ್ತೆಯ ಕೈ ಹಿಡಿದು ಕೆಳಗಿಳಿಸಿದಳು. “ಬಿಡ್ರಿ. ಗಟ್ಟಿ ಕೂತೈತಿ.”

ಬಾಗಿಲು ಮುಚ್ಚಿತು. ಓಂಕಾರ ಅತ್ತಿಂದಿತ್ತ ಓಡಾಡಿದ. ಗಂಗಾದೇವಿ ಬಾಕಿನ ಮೇಲೆ ಕಣ್ಣು ಮುಚ್ಚಿ ಕುಳಿತು ಶಿವಶಿವ ಎಂದಳು. ಮಧ್ಯಾಹ್ನದ ಹೊತ್ತಿಗೆ ಪೂರ್ಣಿಮಾ ಅಜ್ಜನನ್ನು ಕರೆದುಕೊಂಡು ಬಂದಳು. ದುಂಡಪ್ಪನ ಕೈಯಲ್ಲಿ ಎಡೆಯ ಹೋಳಿಗೆ ಕಟ್ಟಿದ ಡಬ್ಬಿ ಇತ್ತು.

“ಇಷ್ಟ ಲಗೂ ಹೆಂಗ ಬಂದ್ರಿ? ಎಡಿ ಹಿಡದಿಲ್ಲೇನು?”

“ನಸುಕಿನ್ಯಾಗ ಹಿಡದೆ. ಹಿರೇರಿಗೆ ಹೇಳೀನಿ, ಈ ವರ್ಷ ಲಗೂ ಉಣ್ರಿ, ನಮಗ ಬೆಳಗಾವ್ಯಾಗ ಕೆಲಸ ಐತಿ ಅಂತ.”

ಗಂಗಾದೇವಿ ಅಂದು ಮೊದಲ ಸಲ ನಕ್ಕಳು. ಹೋಳಿಗೆಯ ಅರ್ಧವನ್ನು ಆ ಕ್ರಿಶ್ಚಿಯನ್ ಮುದುಕನ ಮಗಳಿಗೆ ಕೊಟ್ಟಳು. ಎಚ್ಚರವಾದಾಗ ನಾಗರತ್ನಾ ಮೊದಲು ಎದೆ ಮುಟ್ಟಿಕೊಳ್ಳಲಿಲ್ಲ, ಹಣೆ ಮುಟ್ಟಿಕೊಂಡಳು. ಲಿಂಗ ಇತ್ತು.

ದಸರೆಯ ಹೊತ್ತಿಗೆ ಗಾಯ ಮಾಯತೊಡಗಿತ್ತು. ಓಂಕಾರ ಬಡಿದ ಭಾಕ್ರಿಗೆ ಈಗ ಖಾನಾವಳಿಯವರು ಕೊಂಕು ತೆಗೆಯುತ್ತಿರಲಿಲ್ಲ. ಒಂದು ಮುಂಜಾನೆ ಪೂಜೆ ಮುಗಿಸಿ ನಾಗರತ್ನಾ ಬೆಳ್ಳಿ ಕರಡಿಗೆ ಕೇಳಿದಳು. ಗಂಗಾದೇವಿ ಕೊಡಲು ಹಿಂದೆಮುಂದೆ ನೋಡಿದಳು.

“ಭಾರ ಐತಿ. ಮತ್ತ ತಿಕ್ಕೀತು.”

“ಇನ್ನ ತಿಕ್ಕಾಕ ಅಲ್ಲೇನೈತ್ರಿ?” ಎಂದು ನಾಗರತ್ನಾ ನಕ್ಕಳು.

ಗಂಗಾದೇವಿಗೆ ಅದನ್ನು ಕೇಳಿ ಕಣ್ಣು ತುಂಬಿತು. ಆಮೇಲೆ ಸೊಸೆಯ ನಗು ನಿಲ್ಲದ್ದನ್ನು ಕಂಡು ಆಕೆಗೂ ನಗು ಬಂತು. ದಾರವನ್ನು ತಾನೇ ಅಳೆದು, ಕರಡಿಗೆ ಮೊದಲಿದ್ದ ಜಾಗಕ್ಕೆ ಬರುವ ಹಾಗೆ ಗಂಟು ಹಾಕಿದಳು.

ತೆಗೆದದ್ದರ ಪರೀಕ್ಷೆಯ ಫಲಿತಾಂಶ ಕೇಳಲು ಇಬ್ಬರೂ ಮತ್ತೆ ರೈಲು ಹತ್ತಿದರು. ಕಂಕುಳಿನ ಗ್ರಂಥಿಗಳಲ್ಲಿ ಏನೂ ಇಲ್ಲ ಎಂದರು ಡಾಕ್ಟರಬಾಯಿ. ಔಷಧ ನಡೆಯುತ್ತದೆ, ತಪ್ಪದೆ ಬರಬೇಕು. ಆದರೆ ಬೇಗ ಬಂದದ್ದು ದೊಡ್ಡ ಪುಣ್ಯ ಎಂದರು. ನಾಗರತ್ನಾ ಎದೆ ತುಂಬ ಉಸಿರು ಎಳೆದುಕೊಂಡಳು. ಗಂಗಾದೇವಿಗಂತೂ ಆಸ್ಪತ್ರೆಯ ಬಾಕೇ ತವರುಮನೆಯ ಕಟ್ಟೆಯಾಗಿತ್ತು. ಹೋಗುವ ಬರುವವರನ್ನೆಲ್ಲ ಮಾತಾಡಿಸುತ್ತ, ಪಾಳಿ ತಪ್ಪಿಸಬೇಡಿ ಎಂದು ಗದರಿಸುತ್ತ ನಿಂತಿದ್ದಳು. ತ್ರಿವೇಣಿ ಫೋಟೋ ಖೋಲಿಯಿಂದ ಇಣುಕಿದಳು.

“ಅಜ್ಜಿ, ಇವತ್ತ ಒಬ್ಬರು ಬಂದಿಲ್ರಿ. ಖೋಲಿ ಖಾಲಿ ಐತಿ. ನೀವು ಯಾವತ್ತರ ತೋರಿಸ್ಕೊಂಡೀರೇನು?”

“ನನಗೇನಾಗೇತಿ ಧಾಡಿ?” ಎಂದಳು ಗಂಗಾದೇವಿ. “ತಡಿ, ದೀಪಾವಳಿ ಮುಗೀಲಿ.”

ಮಾತು ಬಾಯಿಂದ ಬಿದ್ದ ಮೇಲೆ ಆಕೆಗೇ ಕೇಳಿಸಿತು. ತ್ರಿವೇಣಿ ಬಾಗಿಲು ತೆರೆದೇ ಹಿಡಿದು ನಿಂತಿದ್ದಳು. ನಾಗರತ್ನಾ ಚೀಲದಿಂದ ಒಗೆದು ಮಡಿಸಿಟ್ಟ ಧೋತರದ ಪಟ್ಟಿ ತೆಗೆದಳು.

“ತಲಿ ಬಗ್ಗಸ್ರಿ ಅತ್ತ್ಯಾರ,” ಎಂದಳು.

ಗಂಗಾದೇವಿ ತಲೆ ಬಗ್ಗಿಸಿದಳು.